ಕೌದಿಯೊಳಗಿನ ತೊಗರಿ ಹೂವು

ಮಕ್ಕಳೇ, ನಮ್ಮ ಯಾದಗಿರಿ ಸೀಮೆಯ ಕಡೇಚೂರಿನ ಒಂದು ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ. ಪಡಸಾಲೆಯ ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಇದೆ. ಧೂಳು ಕೂರದಿರಲೆಂದು ಅದರ ಮೇಲೆ ಟವೆಲ್ ಹೊದಿಸಿದ್ದಾರೆ. ಮದುವೆಗಳಲ್ಲಿ ಫೋಟೋ ತೆಗೆಯುವ ಕಾಕಾ ಸೈದಾಪುರದಿಂದ ಬಂದಿದ್ದಾನೆ. ಸಂಜೆ ಹೊಲಕ್ಕೆ ಹೋಗಿ ಅಜ್ಜಿಯ ಫೋಟೋ ತೆಗೆದಿದ್ದಾನೆ. ಸುತ್ತ ತೊಗರಿ ಹೂಬಿಟ್ಟಿದೆ, ನಡುವೆ ಕೆಂಪು ಸೆರಗಿನ ಇಳಕಲ್ ಸೀರೆಯುಟ್ಟು ಅಜ್ಜಿ ನಿಂತಿದ್ದಾಳೆ. ಮನೆಗೆ ಬಂದವರೇ ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ಅಜ್ಜಿ ಇಲ್ಲ, ತೊಗರಿಯೂ ಇಲ್ಲ. ಖಾಲಿ ಬಿಳಿ ಹಾಳೆಯಂಥ ಒಂದು ಗುರುತು, ಅದರ ಕೆಳಗೆ ಒಂದು ಹೆಸರು, ಹೆಸರಿನ ಬಾಲಕ್ಕೆ ‘ಸಿಆರ್2’ ಎಂಬ ಅಕ್ಷರ.

“ಕಾಕಾ, ಫೋಟೋ ತೆರಿಯವಲ್ದು. ಕಂಪ್ಯೂಟರ್ ಕೆಟ್ಟೈತೇನು?”

“ಕೆಟ್ಟಿಲ್ಲವ್ವಾ. ಅದಕ್ಕ ಇದನ್ನ ಓದಾಕ ಬರವಲ್ದು, ಅಷ್ಟ.”

ಕಾಕಾನ ಮಾತು ಸರಿಯಾಗಿದೆ. ಹೇಗೆಂದು ಒಂದು ಹೋಲಿಕೆಯಿಂದ ನೋಡೋಣ. ನಮ್ಮ ಯಾದಗಿರಿ ಸೀಮೆ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು, ಆಡಳಿತದ ಭಾಷೆ ಉರ್ದು. ಈ ಕಡೆಯ ಎಷ್ಟೋ ಮನೆಗಳ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಕಾಗದ ಹರಿದಿರುವುದಿಲ್ಲ, ಮಸಿ ಮಾಸಿರುವುದಿಲ್ಲ, ಎಕರೆ ಗುಂಟೆಯ ಲೆಕ್ಕವೆಲ್ಲ ಅದರಲ್ಲೇ ಇರುತ್ತದೆ. ಮನೆಯಲ್ಲಿ ಓದಬಲ್ಲವರು ಮಾತ್ರ ಈಗ ಇರುವುದಿಲ್ಲ. ಕ್ಯಾಮೆರಾದ ಈ ಕಡತವೂ ಹಾಗೆಯೇ. ಒಂದೊಂದು ಕಂಪನಿ ತನ್ನ ಕ್ಯಾಮೆರಾದ ಲೆಕ್ಕವನ್ನು ಒಂದೊಂದು ಬಗೆಯಲ್ಲಿ ಬರೆದಿಡುತ್ತದೆ. ಕ್ಯಾನನ್‌ನ ಹಲವು ಕ್ಯಾಮೆರಾಗಳದು ಸಿಆರ್2, ನಿಕಾನ್‌ನದು ಎನ್‌ಇಎಫ್, ಸೋನಿಯದು ಎಆರ್‌ಡಬ್ಲ್ಯೂ. ಕಾಕಾನ ಕ್ಯಾಮೆರಾ ಹುಟ್ಟುವ ಮೊದಲೇ ತಯಾರಾದ ತಂತ್ರಾಂಶಕ್ಕೆ ಆ ಬರವಣಿಗೆ ಗೊತ್ತಿರಲು ಹೇಗೆ ಸಾಧ್ಯ?

ಇಂಥ ಕಡತಕ್ಕೆ ‘ರಾ ಫೈಲ್’ ಎನ್ನುತ್ತಾರೆ. ನಾನು ಹಸಿ ಕಡತ ಎನ್ನುತ್ತೇನೆ. ಒಳಗೇನಿದೆ ಎಂಬುದು ಆ ಹೆಸರಿನಲ್ಲೇ ಗೊತ್ತಾಗುತ್ತದೆ. ಅದರೊಳಗೆ ಇರುವುದು ಇನ್ನೂ ಚಿತ್ರವಾಗದ ಬೆಳಕಿನ ಲೆಕ್ಕ.

ಬೆಳಕನ್ನು ಲೆಕ್ಕ ಹಾಕುವುದೆಂದರೇನು? ಕ್ಯಾಮೆರಾದ ಮಸೂರದ ಹಿಂದೆ ಸಿಲಿಕಾನ್‌ನ ಒಂದು ಚಿಕ್ಕ ಹಲಗೆ ಇದೆ. ಅದಕ್ಕೆ ಸಂವೇದಕ ಎಂದು ಹೆಸರು. ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳನ್ನು ಅದರ ಮೇಲೆ ಸಾಲುಸಾಲಾಗಿ ಮಾಡಿರುತ್ತಾರೆ. ಕಾಕಾನ ಕ್ಯಾಮೆರಾದಲ್ಲಿ ಒಂದು ಸಾಲಿಗೆ 6000 ಮನೆ, ಅಂಥ 4000 ಸಾಲು ಎಂದುಕೊಳ್ಳಿ. ಗುಣಿಸಿದರೆ 2 ಕೋಟಿ 40 ಲಕ್ಷ! ಬೆಳಕಿನ ಕಣವೊಂದು ಮನೆಯೊಳಗೆ ಬಂದು ಸಿಲಿಕಾನಿಗೆ ಬಡಿದರೆ ಅಲ್ಲೊಂದು ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಹೆಚ್ಚು ಬೆಳಕು ಬಿದ್ದ ಮನೆಯಲ್ಲಿ ಹೆಚ್ಚು ಎಲೆಕ್ಟ್ರಾನ್, ನೆರಳು ಬಿದ್ದಲ್ಲಿ ಕಡಿಮೆ. ಕ್ಯಾಮೆರಾ ಅದನ್ನು ಅಳೆದು ಪ್ರತಿ ಮನೆಗೂ 0ಯಿಂದ 16,383ರೊಳಗಿನ ಒಂದು ಸಂಖ್ಯೆ ಬರೆಯುತ್ತದೆ.

ಇಲ್ಲಿ ಒಂದು ತೊಡಕಿದೆ. ಸಿಲಿಕಾನಿಗೆ ಬೆಳಕು ಎಷ್ಟೆಂಬುದು ತಿಳಿಯುತ್ತದೆ, ಬಣ್ಣ ಯಾವುದೆಂಬುದು ತಿಳಿಯುವುದಿಲ್ಲ. ಅಜ್ಜಿಯ ಕೆಂಪು ಸೆರಗೂ ಒಂದು ಸಂಖ್ಯೆ, ತೊಗರಿಯ ಹಸಿರೆಲೆಯೂ ಒಂದು ಸಂಖ್ಯೆ. ಬಣ್ಣ ಬೇಕಾದರೆ ಏನು ಮಾಡಬೇಕು?

ನಿಮ್ಮ ಮನೆಯ ಕೌದಿ ನೋಡಿ. ಹಳೆಯ ಸೀರೆ, ಕುಪ್ಪಸಗಳ ತುಂಡುಗಳನ್ನು ಚೌಕ ಚೌಕವಾಗಿ ಜೋಡಿಸಿ ಹೊಲಿದಿರುತ್ತಾರಲ್ಲ, ಸಂವೇದಕದ ಮೇಲೂ ಅಂಥದ್ದೇ ಒಂದು ಕೌದಿ ಹಾಸಿದೆ. ಬಟ್ಟೆಯ ಬದಲು ಬಣ್ಣದ ಸೋಸುಪದರ. ಒಂದು ಮನೆಯ ಮೇಲೆ ಕೆಂಪು, ಪಕ್ಕದ್ದರ ಮೇಲೆ ಹಸಿರು, ಕೆಳಗಿನ ಸಾಲಿನಲ್ಲಿ ಹಸಿರು, ಅದರ ಪಕ್ಕ ನೀಲಿ. ಈ ನಾಲ್ಕು ಚೌಕಗಳೇ ಕೌದಿಯುದ್ದಕ್ಕೂ ಮತ್ತೆ ಮತ್ತೆ ಬರುತ್ತವೆ. ಕೆಂಪು ಪದರದ ಕೆಳಗಿನ ಮನೆಗೆ ಕೆಂಪು ಬೆಳಕು ಮಾತ್ರ ಇಳಿಯುತ್ತದೆ, ನೀಲಿಯ ಕೆಳಗೆ ನೀಲಿ. ನಾಲ್ಕರಲ್ಲಿ ಹಸಿರಿಗೇ ಎರಡು ಪಾಲು ಏಕೆ? ನಮ್ಮ ಕಣ್ಣು ಹಸಿರು ಬೆಳಕಿಗೆ ಹೆಚ್ಚು ಚುರುಕು, ಚಿತ್ರದ ಸೂಕ್ಷ್ಮ ಗೆರೆಗಳನ್ನು ಹೆಚ್ಚಾಗಿ ಅದರಿಂದಲೇ ಹಿಡಿಯುತ್ತದೆ.

ಈ ಕೌದಿಯನ್ನು ಯೋಚಿಸಿದವರು ಅಮೆರಿಕದ ಕೊಡಾಕ್ ಕಂಪನಿಯ ಬ್ರೈಸ್ ಬೇಯರ್. 1975ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1976ರಲ್ಲಿ ಅದು ಸಿಕ್ಕಿತು. ಅದೇ 1975ರಲ್ಲಿ, ಅದೇ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಡಿಜಿಟಲ್ ಕ್ಯಾಮೆರಾವೊಂದನ್ನು ಕಟ್ಟಿದರು. ಅದರ ಚಿತ್ರದಲ್ಲಿ ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು ಹತ್ತೇ ಸಾವಿರ ಚುಕ್ಕಿ. ಕಪ್ಪುಬಿಳುಪಿನ ಆ ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಗುತ್ತಿತ್ತು. ನಿಮ್ಮ ಕಂಪ್ಯೂಟರ್ ನಿಧಾನವೆಂದು ಬೇಸರವಾದಾಗ ಆ 23 ಸೆಕೆಂಡು ನೆನಪಿಸಿಕೊಳ್ಳಿ.

ಬೇಯರ್ ಅವರ ಕೌದಿ ಮಂಗಳ ಗ್ರಹದವರೆಗೂ ಹೋಗಿದೆ. 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನಮ್ಮ ಮಂಗಳಯಾನದ ಬಣ್ಣದ ಕ್ಯಾಮೆರಾದಲ್ಲಿ ಇದೇ ಬಗೆಯ ಸಂವೇದಕವಿತ್ತು. ಒಂದು ಸಾಲಿಗೆ 2048 ಮನೆ, ಅಂಥ 2048 ಸಾಲು. ಕ್ಯಾಮೆರಾದ ತೂಕ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ಅಲ್ಲಿಂದ ಬಂದ ಸಂಕೇತಗಳನ್ನು ಹಿಡಿದದ್ದು ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ದೊಡ್ಡ ಆಂಟೆನಾ. ಅಲ್ಲಿಯೇ ಇಸ್ರೋದ ದತ್ತಾಂಶ ಕೇಂದ್ರವೂ ಇದೆ. ಮಂಗಳನಿಂದ ಬಂದದ್ದೂ ಮೊದಲು ಸಂಖ್ಯೆಗಳೇ. ಅವುಗಳಿಂದ ಕೆಂಪು ಗ್ರಹದ ಚಿತ್ರ ಮಾಡಿದ್ದು ಭೂಮಿಯ ಮೇಲೆ.

ಈಗ ತೊಗರಿ ಹೂವಿಗೆ ಬರೋಣ. ಹೂವು ಹಳದಿ, ಕೌದಿಯಲ್ಲಿ ಹಳದಿ ಚೌಕವೇ ಇಲ್ಲ! ಹಳದಿ ಹೂವು ನೀಲಿ ಬೆಳಕನ್ನು ನುಂಗಿ ಕೆಂಪು ಮತ್ತು ಹಸಿರು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹೂವಿನ ಬೆಳಕು ಬಿದ್ದ ಕಡೆ ಕೆಂಪು ಮನೆಯ ಸಂಖ್ಯೆಯೂ ದೊಡ್ಡದು, ಹಸಿರು ಮನೆಯ ಸಂಖ್ಯೆಯೂ ದೊಡ್ಡದು, ನೀಲಿಯದು ಸಣ್ಣದು. ಆದರೆ ಒಂದು ಮನೆಗೆ ಗೊತ್ತಿರುವುದು ಒಂದೇ ಬಣ್ಣದ ಸಂಖ್ಯೆ. ಉಳಿದ ಎರಡನ್ನು ಅಕ್ಕಪಕ್ಕದವರನ್ನು ಕೇಳಿ ತುಂಬಿಕೊಳ್ಳಬೇಕು. ಸೈದಾಪುರದಲ್ಲಿ ಮಳೆ ಅಳೆದಿದ್ದಾರೆ, ಬಾಡಿಯಾಳದಲ್ಲಿ ಅಳೆದಿದ್ದಾರೆ, ನಿಮ್ಮ ಹೊಲದಲ್ಲಿ ಮಾಪಕವಿಲ್ಲ ಎನ್ನಿ. ಆ ಎರಡು ಅಳತೆ ನೋಡಿ ಹೊಲದ ಮಳೆಯನ್ನು ಅಂದಾಜು ಮಾಡುವುದಿಲ್ಲವೇ? ಹಾಗೆ 2 ಕೋಟಿ 40 ಲಕ್ಷ ಮನೆಗಳಲ್ಲೂ ಒಂದೊಂದಕ್ಕೆ ಎರಡೆರಡು ಸಂಖ್ಯೆಯನ್ನು ಅಂದಾಜಿನಿಂದ ತುಂಬಿದಾಗಲೇ ಬಣ್ಣದ ಚಿತ್ರ ಮೂಡುವುದು. ಹೌದು, ಬಣ್ಣದ ಫೋಟೋದಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕ ಅಕ್ಕಪಕ್ಕವನ್ನು ಕೇಳಿ ಬರೆದದ್ದು. ಮೊದಲ ಸಲ ಇದನ್ನು ತಿಳಿದಾಗ ನಾನು ಬಹಳ ಹೊತ್ತು ಬೆರಗಾಗಿ ಕೂತಿದ್ದೆ.

ಮೊಬೈಲಿನಲ್ಲಿ ತೆಗೆದ ಫೋಟೋ ಕೂಡಲೇ ತೆರೆಯುತ್ತದೆ, ಏಕೆಂದರೆ ಈ ಕೆಲಸವನ್ನೆಲ್ಲ ಮೊಬೈಲು ತಾನೇ ಮುಗಿಸಿ, ಸಾಮಾನ್ಯವಾಗಿ ಜೆಪೆಗ್ ಎಂಬ ಚಿತ್ರ ಮಾಡಿ ಕೊಡುತ್ತದೆ. 1992ರಿಂದ ಇರುವ ಜೆಪೆಗ್ ಎಲ್ಲ ಕಂಪ್ಯೂಟರಿಗೂ ಗೊತ್ತು. ಚಿಕ್ಕದಾಗಲೆಂದು ಅದು ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಬಿಟ್ಟುಬಿಡುತ್ತದೆ. ಹಸಿ ಕಡತದಲ್ಲಿ ಒಂದು ಬಣ್ಣಕ್ಕೆ 16,384 ಮೆಟ್ಟಿಲುಗಳಿದ್ದರೆ ಜೆಪೆಗ್‌ನಲ್ಲಿ 256. ಕಡೇಚೂರಿನ ಕಾರ್ಖಾನೆಗೆ ಉಕ್ಕಿನ ತಗಡು ಬಂದು, ರೈಲು ಬೋಗಿಯ ಚೌಕಟ್ಟಾಗಿ ಹೊರಗೆ ಹೋಗುತ್ತದಲ್ಲ, ಹೊರಗೆ ಹೋದ ಚೌಕಟ್ಟನ್ನು ಬಿಚ್ಚಿ ಮತ್ತೆ ಅದೇ ತಗಡು ಮಾಡಲು ಬರುವುದಿಲ್ಲ. ಜೆಪೆಗ್‌ನಿಂದ ಹಸಿ ಕಡತವೂ ಬರುವುದಿಲ್ಲ. ಅಜ್ಜಿಯ ಮುಖದ ಮೇಲೆ ನೆರಳು ಬಿದ್ದಿದ್ದರೆ ಹಸಿ ಕಡತದಲ್ಲಿ ಆ ನೆರಳೊಳಗಿನ ಸುಕ್ಕುಗಳ ಲೆಕ್ಕ ಇನ್ನೂ ಉಳಿದಿರುತ್ತದೆ. ಜೆಪೆಗ್‌ನಲ್ಲಿ ಅದು ಬರೀ ಕಪ್ಪಾಗಿರಬಹುದು. ಕಾಕಾ ಹಸಿ ಕಡತ ತೆಗೆಯುವುದು ಇದಕ್ಕೇ.

ಹಳೆಯ ಕಂಪ್ಯೂಟರ್ ಏನು ಮಾಡೀತು? ಒಂದು ಲೆಕ್ಕ ಹಾಕಿ ನೋಡೋಣ. ಹಸಿ ಕಡತವನ್ನು ಬಿಡಿಸಿ ಚಿತ್ರ ಮಾಡಿದಾಗ ಒಂದು ಮನೆಗೆ ಒಂದು ಚುಕ್ಕಿ, ಒಂದು ಚುಕ್ಕಿಗೆ ಮೂರು ಬಣ್ಣ, ಒಂದು ಬಣ್ಣಕ್ಕೆ 2 ಬೈಟ್, ಅಲ್ಲಿಗೆ 6 ಬೈಟ್. 2 ಕೋಟಿ 40 ಲಕ್ಷ ಚುಕ್ಕಿಗೆ 14 ಕೋಟಿ 40 ಲಕ್ಷ ಬೈಟ್, ಅಂದರೆ 144 ಎಂಬಿ. ಕೆಲಸದ ನಡುವೆ ತಂತ್ರಾಂಶ ಅದರ ಎರಡು ಮೂರು ಪ್ರತಿ ಇಟ್ಟುಕೊಳ್ಳುವುದೂ ಉಂಟು. 1 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿಗೆ ಇದು ದೊಡ್ಡ ಹೊರೆ. ಹೊತ್ತೀತು, ಆದರೆ ಏದುಸಿರು ಬಿಡುತ್ತದೆ.

ಮೊದಲಿಗೆ ಹೊರೆಯನ್ನೇ ಹೊರಿಸದ ಒಂದು ದಾರಿ ಇದೆ. ಕ್ಯಾಮೆರಾ ತನ್ನ ಹಿಂಬದಿಯ ಪುಟ್ಟ ಪರದೆಯಲ್ಲಿ ಫೋಟೋ ತೋರಿಸಿತಲ್ಲ, ಅದಕ್ಕಾಗಿ ಮಾಡಿದ ಜೆಪೆಗ್ ಚಿತ್ರವೊಂದು ಹಸಿ ಕಡತದೊಳಗೇ ಮಡಚಿ ಕೂತಿರುತ್ತದೆ. ಇರ್ಫಾನ್‌ವ್ಯೂ, ಫಾಸ್ಟ್‌ಸ್ಟೋನ್, ಎಕ್ಸ್‌ಎನ್‌ವ್ಯೂ ಮುಂತಾದ ಹಗುರ ತಂತ್ರಾಂಶಗಳು ಅದನ್ನು ಹುಡುಕಿ ತೋರಿಸಬಲ್ಲವು. ಇರ್ಫಾನ್‌ವ್ಯೂಗೆ ಜೊತೆಯ ಪ್ಲಗಿನ್‌ಗಳನ್ನೂ ಹಾಕಬೇಕು. ಬರೀ ನೋಡುವುದಕ್ಕೆ, ಯಾವುದು ಚೆನ್ನಾಗಿದೆ ಎಂದು ಆರಿಸುವುದಕ್ಕೆ ಇದೇ ಸಾಕು.

ನಿಜವಾದ ಲೆಕ್ಕವನ್ನೇ ಬಿಡಿಸಿ ನೋಡಬೇಕೆಂದರೆ ಡೇವ್ ಕಾಫಿನ್ ಎಂಬವರನ್ನು ನೆನೆಯಬೇಕು. 1997ರಲ್ಲಿ ಅವರು ಡಿಸಿರಾ ಎಂಬ ತಂತ್ರಾಂಶ ಬರೆಯಲು ಶುರುಮಾಡಿದರು. ಕಂಪನಿಗಳ ಬೇರೆ ಬೇರೆ ಬರವಣಿಗೆಯನ್ನು ಒಂದೊಂದಾಗಿ ಬಿಡಿಸುತ್ತ, ನೂರಾರು ಕ್ಯಾಮೆರಾಗಳನ್ನು ಓದಬಲ್ಲ ಒಂದೇ ಕಾರ್ಯಕ್ರಮ ಮಾಡಿ, ಎಲ್ಲರಿಗೂ ಪುಕ್ಕಟೆ ಕೊಟ್ಟರು. ಟ್ರಂಕಿನ ಉರ್ದು ಕಾಗದ ಓದಿ ಹೇಳುವ ಹಿರಿಯರೊಬ್ಬರು ಊರಿಗೆ ಸಿಕ್ಕಂತೆ ಇದು. ಆಮೇಲೆ ಬಂದ ಎಷ್ಟೋ ತಂತ್ರಾಂಶಗಳು ಅವರ ಕೆಲಸದ ಮೇಲೆಯೇ ನಿಂತಿವೆ.

ಡಿಸಿರಾದಲ್ಲಿ ಹಳೆಯ ಕಂಪ್ಯೂಟರಿಗೆ ಹೇಳಿ ಮಾಡಿಸಿದಂಥ ಒಂದು ಉಪಾಯವಿದೆ, ಅರ್ಧ ಅಳತೆಯಲ್ಲಿ ಬಿಡಿಸುವುದು. ಕೌದಿಯ ನಾಲ್ಕು ಚೌಕಗಳನ್ನು ಸೇರಿಸಿ ಒಂದೇ ಚುಕ್ಕಿ ಮಾಡುತ್ತದೆ. ಕೆಂಪು ಒಂದು, ನೀಲಿ ಒಂದು, ಎರಡು ಹಸಿರಿನ ಸರಾಸರಿ ಒಂದು, ಮೂರೂ ಬಣ್ಣ ಆ ನಾಲ್ಕರಲ್ಲೇ ಸಿಕ್ಕವು. ಅಕ್ಕಪಕ್ಕ ಕೇಳುವ ಕೆಲಸವೇ ಇಲ್ಲ! ಚಿತ್ರ 2 ಕೋಟಿ 40 ಲಕ್ಷದಿಂದ 60 ಲಕ್ಷ ಚುಕ್ಕಿಗೆ ಇಳಿಯುತ್ತದೆ, ಬೇಗ ಮುಗಿಯುತ್ತದೆ. ಚಿಕ್ಕದಾಯಿತೆಂದು ಕೊರಗಬೇಡಿ. ಹಳೆಯ ಮಾನಿಟರಿನ 1024 ಮತ್ತು 768ನ್ನು ಗುಣಿಸಿದರೆ 7,86,432. ಇಡೀ ಪರದೆಯಲ್ಲಿರುವುದು ಅಷ್ಟೇ ಚುಕ್ಕಿ. ಪೂರ್ತಿ ಚಿತ್ರವನ್ನು ಬಿಡಿಸಿದರೂ ಅದರ ಮೂವತ್ತಕ್ಕೂ ಹೆಚ್ಚು ಚುಕ್ಕಿಗಳು ಪರದೆಯ ಒಂದು ಚುಕ್ಕಿಯೊಳಗೆ ತುರುಕಿಕೊಳ್ಳಬೇಕು. ನೋಡುವುದಕ್ಕೆ ಅರ್ಧ ಅಳತೆಯೇ ಸರಿ ಎಂದು ನನ್ನ ಅಭಿಪ್ರಾಯ.

ಬಿಡಿಸಿದ ಚಿತ್ರ ಮೊದಲಿಗೆ ಮಂಕಾಗಿ, ಕಪ್ಪಾಗಿ ಕಂಡರೆ ಹೆದರಬೇಡಿ. ರಾತ್ರಿ ಕರೆಂಟು ಹೋದಾಗ ಕತ್ತಲ ಮನೆಯಲ್ಲಿ ಒಂದು ದೀಪ ಹಚ್ಚಿದರೆ ಎಷ್ಟು ಬೆಳಕು! ನೂರು ದೀಪ ಉರಿಯುತ್ತಿರುವಲ್ಲಿ ಇನ್ನೊಂದು ಹಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿ ನೋಡುತ್ತದೆ. ಸಂವೇದಕಕ್ಕೆ ಒಂದನೆಯ ದೀಪವೂ ಒಂದೇ, ನೂರೊಂದನೆಯದೂ ಒಂದೇ. ಅದರ ಲೆಕ್ಕವನ್ನು ಕಣ್ಣಿನ ರೀತಿಗೆ ಹೊಂದಿಸಿದ ಮೇಲೆ ತೊಗರಿ ಹೊಲ ಬೆಳಗುತ್ತದೆ. ಇನ್ನೊಂದು ಮಾತು. ನಮ್ಮ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂವೇದಕ ಬಿಸಿಯಾದಂತೆ ಬೆಳಕು ಬೀಳದಿದ್ದರೂ ಕೆಲವು ಎಲೆಕ್ಟ್ರಾನ್‌ಗಳು ತಾವಾಗಿ ಹೊರಬೀಳುತ್ತವೆ. ಪ್ರತಿ 6ರಿಂದ 8 ಡಿಗ್ರಿ ಏರಿಕೆಗೆ ಅವು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತವೆ. ಬಹಳ ಹೊತ್ತು ತೆರೆದಿಟ್ಟು ತೆಗೆದ ರಾತ್ರಿಯ ಫೋಟೋದಲ್ಲಿ ರವೆ ಚೆಲ್ಲಿದಂತೆ ಚುಕ್ಕಿಗಳು ಕಾಣಲು ಇದೂ ಒಂದು ಕಾರಣ.

ಕೌದಿಯ ಬಣ್ಣಗಳನ್ನು ಕಣ್ಣಾರೆ ನೋಡಬೇಕೆ? ಮೊಬೈಲಿನ ಪರದೆಯಲ್ಲೂ ಅವೇ ಮೂರು ಬಣ್ಣಗಳಿವೆ. ಮನೆಯವರನ್ನು ಕೇಳಿ ಮೊಬೈಲನ್ನು ಚಪ್ಪಟೆಯಾಗಿ ಇಟ್ಟು, ಪರದೆಯ ಮೇಲೆ ಬಿಳಿ ಬಣ್ಣ ತರಿಸಿ, ಬೆರಳ ತುದಿಯಿಂದ ಸಾಸಿವೆಯಷ್ಟು ಪುಟ್ಟ ನೀರಹನಿ ಇಡಿ. ಚಾರ್ಜಿಗೆ ಹಾಕಿದ ಮೊಬೈಲು ಬೇಡ. ಹನಿಯೇ ಭೂತಗನ್ನಡಿಯಾಗಿ ಬಿಳಿಯೊಳಗಿನ ಕೆಂಪು, ಹಸಿರು, ನೀಲಿ ಚುಕ್ಕಿಗಳನ್ನು ತೋರಿಸುತ್ತದೆ. ಆಮೇಲೆ ಹಳದಿ ಬಣ್ಣ ತರಿಸಿ ನೋಡಿ. ನೀಲಿ ಆರಿರುತ್ತದೆ, ಕೆಂಪು ಹಸಿರು ಎರಡೇ ಉರಿಯುತ್ತಿರುತ್ತವೆ. ನೋಡಿದ ಮೇಲೆ ಹನಿಯನ್ನು ಒಣ ಬಟ್ಟೆಯಿಂದ ಒರೆಸಿ.

ಕೊನೆಗೊಂದು ಕೋರಿಕೆ. ತೆರೆಯದ ಕಡತವೆಂದು, ಜಾಗ ತಿನ್ನುತ್ತದೆಂದು ಹಸಿ ಕಡತವನ್ನು ಅಳಿಸಬೇಡಿ. ಕಾರ್ಡು ಖಾಲಿ ಮಾಡುವ ಮೊದಲು ಕಂಪ್ಯೂಟರಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು ಪ್ರತಿ ಇಡಿ. ಪಕ್ಕದಲ್ಲಿ ಅಜ್ಜಿಯ ಹೆಸರು, ಹೊಲದ ಹೆಸರು, ಫೋಟೋ ತೆಗೆದ ದಿನ ಬರೆದಿಡಿ.