ಹಳೆಯ ಗಣಕಕ್ಕೆ ಬಂದ ಕನ್ನಡ ಅಕ್ಷರ

ಈಚಿನವರೆಗೆ ನಾನು ನಮ್ಮ ಗೋಣಿಬೀಡಿನ ಸುತ್ತಿನಲ್ಲಿ ಸಂಧಿ ಸಮಾಸಗಳನ್ನು ಹೇಳಿಕೊಡುವ ಕನ್ನಡ ಪಂಡಿತನೆಂದು ಮಾತ್ರ ಪರಿಚಿತನಾಗಿದ್ದೆ. ಕಳೆದ ಮಳೆಗಾಲದಿಂದ ‘ಗುಜರಿ ಕಂಪ್ಯೂಟರ್ ಮೇಷ್ಟ್ರು’ ಎಂಬ ಬಿರುದೊಂದು ಅಂಟಿಕೊಂಡಿದೆ. ಅದು ಬಂದ ಬಗೆಯನ್ನು ತಮ್ಮ ಮುಂದಿಡುತ್ತೇನೆ.

ಕಥೆ 1985ಕ್ಕೆ ಹೋಗುತ್ತದೆ. ಆಗ ನಾನು ಹೈಸ್ಕೂಲಿನ ಹುಡುಗ. ಶಾಲೆಗಳಲ್ಲಿ ಗಣಕಯಂತ್ರದ ಪರಿಚಯ ಮಾಡಿಸಬೇಕೆಂದು ಕೇಂದ್ರ ಸರಕಾರ ‘ಕ್ಲಾಸ್’ ಎಂಬ ಯೋಜನೆಯನ್ನು 1984-85ರಲ್ಲಿ ದೇಶದ ಸುಮಾರು 250 ಶಾಲೆಗಳಲ್ಲಿ ಆರಂಭಿಸಿತ್ತು. ನಾನು ಓದುತ್ತಿದ್ದ ಶಾಲೆಗೂ ಆ ಯಂತ್ರ ಬಂತು. ಬಂದದ್ದೇನೋ ನಿಜ, ಅದನ್ನು ಇಟ್ಟ ಕೋಣೆಗೆ ಬೀಗ ಬಿತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಹೋಗಬೇಕು, ಇಂಗ್ಲಿಷ್ ಮಾಧ್ಯಮದವರು ಕೀಲಿ ಒತ್ತಬಹುದು, ಕನ್ನಡ ಮಾಧ್ಯಮದವರು ಕೈ ಕಟ್ಟಿಕೊಂಡು ನೋಡಬಹುದು. ‘ನಿಮ್ಮ ಭಾಷೆ ಅದಕ್ಕೆ ಬರುವುದಿಲ್ಲ’ ಎಂದು ಒಬ್ಬ ಉಪಾಧ್ಯಾಯರು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಅವರು ಹೇಳಿದ್ದು ಸುಳ್ಳೂ ಅಲ್ಲ. ಮೇಲಿನ ಸಾಲಿನ ಕೆಂಪು ಕೀಲಿಗಳನ್ನು ದೂರದಿಂದ ನೋಡಿಯೇ ನಾನು ಹತ್ತನೆಯ ತರಗತಿ ಮುಗಿಸಿದೆ.

ಹೋದ ವರ್ಷ ಘಟ್ಟದ ಕೆಳಗಿನ ಊರೊಂದರ ಗುಜರಿ ಅಂಗಡಿಯಲ್ಲಿ, ಮಿಕ್ಸಿ ಫ್ಯಾನುಗಳ ರಾಶಿಯಲ್ಲಿ, ಅದೇ ಕೆಂಪು ಕೀಲಿಗಳು ಕಂಡವು. ತೂಕದ ಬೆಲೆಗೆ ಕೊಂಡು ತಂದೆ. ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಹೆಮ್ಮೆಯಿಂದ ಇಟ್ಟರೆ ಅವರು ಕೇಳಿದ ಪ್ರಶ್ನೆ ಒಂದೇ: ‘ಸಾರ್, ಇದಕ್ಕೆ ನೆಟ್ ಬರ್ತದಾ?’

ಈ ಯಂತ್ರದ ಹೆಸರು ಬಿ.ಬಿ.ಸಿ. ಮೈಕ್ರೋ. ಇಂಗ್ಲೆಂಡಿನ ಕೇಂಬ್ರಿಜ್ಜಿನ ಏಕಾರ್ನ್ ಕಂಪೆನಿ 1981ರ ಕೊನೆಯಲ್ಲಿ ಹೊರತಂದದ್ದು. ಹೆಸರೇ ಹೇಳುವಂತೆ ಒಂದು ಬಾನುಲಿ ಸಂಸ್ಥೆ ತನ್ನ ಶಿಕ್ಷಣ ಕಾರ್ಯಕ್ರಮಕ್ಕಾಗಿ ಮಾಡಿಸಿದ ಗಣಕ. ರೇಡಿಯೋಗೂ ಮನೆಗಣಕಕ್ಕೂ ಆ ಕಾಲದಲ್ಲಿ ಇನ್ನೂ ಹತ್ತಿರದ ನಂಟಿತ್ತು. ಗಣಕಕ್ಕೆ ಕೊಡುವ ಆಜ್ಞೆಗಳನ್ನು ಕ್ಯಾಸೆಟ್ಟಿನಲ್ಲಿ ಕೀಚು ಧ್ವನಿಯಾಗಿ ಶೇಖರಿಸುತ್ತಿದ್ದುದರಿಂದ ಅದನ್ನೇ ಪ್ರಸಾರ ಮಾಡಲೂ ಸಾಧ್ಯವಾಯಿತು. ನೆದರ್ಲೆಂಡ್ಸಿನ ‘ಹಾಬಿಸ್ಕೂಪ್’ ಎಂಬ ರೇಡಿಯೋ ಕಾರ್ಯಕ್ರಮ ಹಾಗೆ ಮಾಡಿತು; 1983ರ ಸುಮಾರಿಗೆ ಬೆಲ್‌ಗ್ರೇಡಿನ ಬಾನುಲಿಯೂ ಮಾಡಿತು. ಕೇಳುಗರು ಟೇಪಿನಲ್ಲಿ ಹಿಡಿದುಕೊಂಡು ತಮ್ಮ ಯಂತ್ರಕ್ಕೆ ಉಣಿಸುತ್ತಿದ್ದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. (ಅಂತರ್ಜಾಲವೆಂದು ಬರೆಯುವವರು ಬಹಳ. ಅದರ ಅರ್ಥ ಒಳಗಿನ ಜಾಲ ಎಂದಾಗುತ್ತದೆ. ಜಾಲಗಳ ನಡುವಿನದು ಅಂತರಜಾಲ. ಪಂಡಿತನ ಚಪಲ, ಕ್ಷಮಿಸಬೇಕು.)

ಮೊದಲ ದಿನ ಸ್ವಿಚ್ಚು ಹಾಕಿದಾಗ ‘ಬೀಪ್’ ಎಂಬ ಸ್ವರ ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಹತ್ತು ನಿಮಿಷವಾಗಿರಬೇಕು, ಒಳಗಿನಿಂದ ‘ಟಪ್’ ಎಂದು ಶಬ್ದವಾಗಿ ಕೊಠಡಿಯೆಲ್ಲ ಹೊಗೆ. ಮೂಡಿಗೆರೆಯ ರೇಡಿಯೋ ರಿಪೇರಿಯವರೊಬ್ಬರು ಬಿಚ್ಚಿ ನೋಡಿ ನಕ್ಕರು. ಕರೆಂಟು ಒಳಬರುವ ಜಾಗದಲ್ಲಿ ಕಂಡೆನ್ಸರ್ ಒಂದಿದೆ. ಕಾಲ ಕಳೆದಂತೆ ಅದರ ಹೊರಮೈ ಬಿರುಕು ಬಿಟ್ಟು ತೇವ ಕುಡಿಯುತ್ತದೆ, ಒಂದು ದಿನ ಸಿಡಿಯುತ್ತದೆ. ಈ ಯಂತ್ರಗಳಲ್ಲಿ ಇದು ಎಲ್ಲ ಕಡೆಯೂ ಕಾಣುವ ರೋಗವಂತೆ. ನಮ್ಮ ಆಷಾಢದ ತೇವಕ್ಕೆ ಕೇಳಬೇಕೆ? ಹೊಸದನ್ನು ಬೆಸೆದುಕೊಟ್ಟರು.

ನೆಟ್ಟಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ ರಜೆಯಲ್ಲಿ ಬಂದವನು ದಾರಿ ತೋರಿಸಿದ. ಯಂತ್ರದ ಹಿಂಭಾಗದಲ್ಲಿ ಐದು ತೂತಿನ ದುಂಡು ಕಿಂಡಿಯಿದೆ. ಅದರ ಮೂಲಕ ಸಂಖ್ಯೆಗಳು ಒಂದರ ಹಿಂದೆ ಒಂದು ಹೋಗಿ ಬರುತ್ತವೆ. ಹಿಂದಿನವರು ಅಲ್ಲಿಗೆ ಟೆಲಿಫೋನಿನ ಮೋಡೆಮ್ ಜೋಡಿಸುತ್ತಿದ್ದರು. ಈಗ ಬೆರಳ ಗಾತ್ರದ ವೈಫೈ ಹಲಗೆಯೊಂದು ಅದೇ ಮೋಡೆಮಿನ ವೇಷ ಹಾಕುತ್ತದೆ. ಫೋನ್ ನಂಬರು ತಿರುಗಿಸುವ ಹಳೆಯ ಆಜ್ಞೆಯನ್ನೇ ಕೊಟ್ಟರೆ ಅದು ದೂರದ ಗಣಕವನ್ನು ಕರೆಯುತ್ತದೆ. ಎರಡು ದಿನ ಏನೂ ಆಗಲಿಲ್ಲ. ಆ ಐದು ಮೊಳೆಯ ಪ್ಲಗ್ಗನ್ನು ತಲೆಕೆಳಗಾಗಿ ಸೇರಿಸಿದರೂ ಅದು ಒಳಗೆ ಹೋಗಿಬಿಡುತ್ತದೆ! ಹೇಳುವ ತಂತಿ, ಕೇಳುವ ತಂತಿ ಅದಲುಬದಲಾಗಿದ್ದವು. ಕಂಡುಹಿಡಿದವಳು ತೋಟದ ಲೈನಿನಿಂದ ಬರುವ ಒಬ್ಬ ಹುಡುಗಿ. ಮುಂದಿನ ಕೆಲಸವೆಲ್ಲ ಹೆಚ್ಚುಕಡಿಮೆ ಅವಳದೇ.

ಹಾಗಾದರೆ ಯಂತ್ರ ಅಂತರಜಾಲವನ್ನು ಮುಟ್ಟಿತೆ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಅರ್ಧ ಮಾತ್ರ. ಇದರ ನೆನಪಿನ ಶಕ್ತಿ 32 ಕಿಲೋಬೈಟು. ತಮ್ಮ ಫೋನಿನಲ್ಲಿ ತೆಗೆದ ಒಂದು ಕಾಫಿ ಹೂವಿನ ಚಿತ್ರಕ್ಕೂ ಅಲ್ಲಿ ಜಾಗವಿಲ್ಲ. ಇಂದಿನ ಜಾಲತಾಣಗಳು ಪ್ರತಿಯೊಂದು ಮಾತನ್ನೂ ಗುಪ್ತಲಿಪಿಯಲ್ಲಿ ಆಡುತ್ತವೆ. ಅದನ್ನು ಬಿಡಿಸುವ ಗಣಿತ ಈ ಮುದುಕನ ಕೈಲಾಗದು. ಆದ್ದರಿಂದ ನಡುವೆ ಒಂದು ಚಿಕ್ಕ ಹೊಸ ಗಣಕವನ್ನು ಕೂರಿಸಿದೆವು. ಅದು ಪುಟವನ್ನು ತರಿಸಿ, ಗುಪ್ತಲಿಪಿ ಬಿಡಿಸಿ, ಚಿತ್ರಗಳನ್ನು ಕಿತ್ತುಹಾಕಿ, ಬರಿಯ ಅಕ್ಷರಗಳನ್ನು ಕೊಡುತ್ತದೆ. ನನ್ನ ಬಾಲ್ಯದಲ್ಲಿ ತೋಟದ ಲೈನುಗಳಿಗೆ ಬರುತ್ತಿದ್ದ ಅಂಚೆಯವನು ಕಾಗದ ಕೊಟ್ಟು ಹೋಗುತ್ತಿರಲಿಲ್ಲ, ಜಗುಲಿಯಲ್ಲಿ ಕುಳಿತು ಓದಿ ಹೇಳಿಯೇ ಹೋಗುತ್ತಿದ್ದ. ಇದೂ ಅದೇ ಕೆಲಸ.

ವೇಗವನ್ನು ಬೇಕೆಂದೇ ಸೆಕೆಂಡಿಗೆ 300 ಬಿಟ್ಟಿಗೆ ಇಳಿಸಿದೆವು. ಆಗ ಸೆಕೆಂಡಿಗೆ 30 ಸಂಖ್ಯೆಗಳು ಬರುತ್ತವೆ. ಇಂಗ್ಲಿಷ್ ಪುಟವೊಂದು ಒಂದೊಂದೇ ಅಕ್ಷರವಾಗಿ ತೆರೆಯ ಮೇಲೆ ನಡೆದು ಬಂತು. ಮಕ್ಕಳಿಗೆ ಸಂತೋಷ. ನನಗೆ 1985ರ ಮಾತು ನೆನಪಾಯಿತು. ಕನ್ನಡ ವಿಕಿಪೀಡಿಯದಿಂದ ‘ಚಿಕ್ಕಮಗಳೂರು’ ಎಂಬ ಒಂದು ಪದವನ್ನು ಮಾತ್ರ ತರಿಸಲು ಹೇಳಿದೆ.

ತೆರೆಯ ಮೇಲೆ ಓಕುಳಿಯಾಯಿತು. ಬಣ್ಣದ ಚೂರುಗಳು, ಅಲ್ಲಲ್ಲಿ ಇಂಗ್ಲಿಷ್ ಅಂಕಿಗಳು, ಮುಂದೆ ಬಂದವು ಇದ್ದಕ್ಕಿದ್ದಂತೆ ಎತ್ತರ. ಕಾರಣ ತಿಳಿದಾಗ ನಗು ತಡೆಯಲಾಗಲಿಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪಟ್ಟಿಯಲ್ಲಿ ಕನ್ನಡ ಸೇರಿದ್ದು 1991ರಲ್ಲಿ. ಯಂತ್ರ ಹುಟ್ಟಿದ್ದು ಅದಕ್ಕೆ ಹತ್ತು ವರ್ಷ ಮೊದಲು. ಜಾಲದಲ್ಲಿ ಪ್ರಯಾಣ ಮಾಡುವಾಗ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಸಂಖ್ಯೆಗಳು ಬೇಕು. ‘ಕ’ ಎಂದರೆ 224, 178, 149. ಈ ಯಂತ್ರಕ್ಕೆ 149 ಎಂದರೆ ‘ಇನ್ನು ನೇರಳೆಗೆಂಪು ಬಣ್ಣದಲ್ಲಿ ಚಿತ್ರ ಬರೆ’ ಎಂಬ ಅಪ್ಪಣೆ. ಒತ್ತಕ್ಷರ ಮಾಡುವ ಹಲಂತ ಚಿಹ್ನೆಯ ಕೊನೆಯ ಸಂಖ್ಯೆ 141. ಇದರ ಪಾಲಿಗೆ ಅದು ‘ಎರಡು ಪಟ್ಟು ಎತ್ತರ ಮಾಡು’ ಎಂಬುದು. ಪಾಪ, ಯಂತ್ರ ತಪ್ಪು ಮಾಡಲಿಲ್ಲ. ಹೇಳಿದ್ದನ್ನೆಲ್ಲ ಚಾಚೂತಪ್ಪದೆ ಮಾಡಿತ್ತು.

ಇಲ್ಲಿಂದ ಮುಂದೆ ನನ್ನ ವ್ಯಾಕರಣಕ್ಕೆ ಕೆಲಸ ಬಂತು. ‘ಚಿಕ್ಕಮಗಳೂರು’ ಎಂಬುದನ್ನು ನಾವು ಆರು ಅಕ್ಷರವೆಂದು ಎಣಿಸುತ್ತೇವೆ. ಬಂದ ಚಿಹ್ನೆಗಳು ಹನ್ನೊಂದು, ಸಂಖ್ಯೆಗಳು ಮೂವತ್ತಮೂರು. ಹನ್ನೊಂದನ್ನು ಆರಾಗಿ ಕೂಡಿಸುವುದು ಹೇಗೆ? ಶಬ್ದಮಣಿದರ್ಪಣದ ಕೇಶಿರಾಜನ ಕಾಲದಿಂದ ಬಂದ ನಮ್ಮ ಪಾಠದಲ್ಲಿ ವ್ಯಂಜನವೆಂದರೆ ಸ್ವರವಿಲ್ಲದ ‘ಕ್’. ಅದಕ್ಕೆ ‘ಅ’ ಸೇರಿದರೆ ‘ಕ’, ‘ಇ’ ಸೇರಿದರೆ ‘ಕಿ’. ಗಣಕದ ಪಟ್ಟಿಯಲ್ಲಿ ಇದು ತಿರುಗುಮುರುಗು. ಅಲ್ಲಿ ‘ಕ’ವೇ ಮೂಲ, ‘ಅ’ಕಾರ ಮೊದಲೇ ಒಳಗಿದೆ. ಅದನ್ನು ತೆಗೆಯಲು ಹಲಂತವನ್ನು ಹೊರಗಿನಿಂದ ತರಬೇಕು. ನುಡಿ ತಂತ್ರಾಂಶದಲ್ಲಿ, ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮದಲ್ಲಿ ಬರೆಯುವವರು ಒತ್ತಕ್ಷರಕ್ಕೆ ಎಫ್ ಕೀಲಿಯನ್ನು ಒತ್ತುವುದು ಇದಕ್ಕಾಗಿಯೇ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ: ನಾವು ಬರೆಯುವುದೂ ಹಾಗೆಯೇ ಅಲ್ಲವೆ? ಮಗು ಮೊದಲು ಕಲಿಯುವುದು ‘ಕ’ವನ್ನು, ‘ಕ್’ ಅನ್ನಲ್ಲ. ಕೇಶಿರಾಜನದು ಕಿವಿಯ ಲೆಕ್ಕ, ಇದು ಕೈಯ ಲೆಕ್ಕ. ಇಷ್ಟನ್ನು ಹೇಳಿದ ಮೇಲೆ ಹುಡುಗಿ ನಿಯಮವನ್ನು ಮೂರು ಸಾಲಿನಲ್ಲಿ ಬರೆದುಕೊಂಡಳು: ವ್ಯಂಜನ ಬಂದರೆ ಹೊಸ ಅಕ್ಷರ, ಹಲಂತ ಬಂದರೆ ಮುಂದಿನ ವ್ಯಂಜನ ಕೆಳಗೆ, ಸ್ವರಚಿಹ್ನೆ ಬಂದರೆ ಅದೇ ಅಕ್ಷರಕ್ಕೆ. ಕಾಗುಣಿತವನ್ನು ಇಷ್ಟು ಚಿಕ್ಕದಾಗಿ ನಾನು ಎಂದೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದು ಅಕ್ಷರ ಕೆತ್ತುವ ಕೆಲಸ. ನಾವೇ ಆಕಾರ ಕೊಡಬಹುದಾದ 32 ಮನೆಗಳನ್ನು ಯಂತ್ರ ಬಿಟ್ಟುಕೊಡುತ್ತದೆ. ಒಂದೊಂದು ಮನೆಯಲ್ಲಿ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಇಂಗ್ಲಿಷಿನ ಅಕ್ಷರಕ್ಕೆ ಒಂದು ಮನೆ ಸಾಕು. ನಮ್ಮ ‘ಕ್ಕ’ಕ್ಕೆ ತಲೆಕಟ್ಟು, ಹೊಟ್ಟೆ, ಒತ್ತು ಎಲ್ಲ ಹಿಡಿಯಬೇಕಾದರೆ ನಾಲ್ಕು ಮನೆ ಬೇಕಾಯಿತು. ಚೌಕುಳಿ ಲೆಕ್ಕದ ಪುಸ್ತಕದಲ್ಲಿ ಮಕ್ಕಳು ಚುಕ್ಕಿ ತುಂಬಿದರು. ‘ಳೂ’ವಿನ ಕೊಂಬು ಮೂರು ಸಲ ಕೆಟ್ಟಿತು. ಆರು ಅಕ್ಷರಕ್ಕೆ ಇಪ್ಪತ್ತನಾಲ್ಕು ಮನೆ ಹೋದವು.

ಆ ಸಂಜೆ ಮಳೆ ಹೊಡೆಯುತ್ತಿತ್ತು. ಎರಡು ಸಲ ಕರೆಂಟು ಹೋಗಿ ಎಲ್ಲವನ್ನೂ ಮತ್ತೆ ಉಣಿಸಬೇಕಾಯಿತು. ಮೂರನೆಯ ಸಲ ಬೆಂಗಳೂರಿನಿಂದ ಶಿಷ್ಯ ಕಳುಹಿಸಿದ ಪದ ಬಂತು. ಚಿ. ಕ ಬಂದು, ಒಂದು ಗಳಿಗೆ ನಿಂತು, ಅದರ ಕೆಳಗೆ ಒತ್ತು ಮೂಡಿತು. ಮ, ಗ, ಳೂ, ರು. ‘ಒತ್ತು ಬಂತು ಸಾರ್’ ಎಂದಳು ಹುಡುಗಿ. ನಾನು ಕನ್ನಡಕ ಒರೆಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದೆ.

ಇನ್ನು ಎಂಟು ಮನೆ, ಎಂದರೆ ಎರಡು ಅಕ್ಷರಕ್ಕೆ ಜಾಗ ಉಳಿದಿತ್ತು. ಹಳಗನ್ನಡದ ‘ಬಾೞೆ’, ‘ಕೋೞಿ’ಗಳಲ್ಲಿ ಬರುವ ೞಕಾರಕ್ಕೂ ಸಂಖ್ಯೆ ಇದೆಯೇ ಎಂದು ಅವಳು ಕೇಳಿದಳು. ಇದೆ, 3294. ಆದರೆ ಪಟ್ಟಿ ಮಾಡಿದವರು ಅದರ ಹೆಸರನ್ನು ತಪ್ಪಾಗಿ ‘ಫ’ ಎಂದು ಬರೆದುಬಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಆಮೇಲೆ ಪಕ್ಕದಲ್ಲಿ ಸರಿಯಾದ ಹೆಸರನ್ನೂ ಸೇರಿಸಿದರು. ನಾವು ಅದನ್ನು ನಾಲ್ಕು ಮನೆಗಳಲ್ಲಿ ಕೆತ್ತಿದ್ದೇವೆ. ಕೊನೆಯ ನಾಲ್ಕು ಮನೆಗಳು ಇನ್ನೂ ಖಾಲಿ. ಅಲ್ಲಿ ಯಾರ ಹೆಸರಿನ ಮೊದಲಕ್ಷರ ಬರಬೇಕೆಂಬ ಬಗ್ಗೆ ಒಂಬತ್ತನೆಯ ತರಗತಿಯಲ್ಲಿ ಜಗಳ ನಡೆದಿದೆ.