ಗಣಕಯಂತ್ರದ ಮಿದುಳು ಬೆಳೆದ ಬಗೆ

(ದೌಂಡಿನ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾವು ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ. ಯಂತ್ರಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ಅನ್ನ ಸಂಪಾದಿಸುವವರು ಅದರ ಹೊಟ್ಟೆಯೊಳಗೇನಿದೆ ಎಂದು ಒಮ್ಮೆಯಾದರೂ ವಿಚಾರಿಸಬೇಡವೆ? ಹೀಗೆ ವಿಚಾರಿಸುವುದಕ್ಕೆ ನಮಗೊಂದು ಕಾರಣವೂ ಒದಗಿತು.

ಎರಡು ತಿಂಗಳ ಹಿಂದೆ, ನಮ್ಮ ಸಂಘದ ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕಬೇಕೆಂಬ ಠರಾವು ಕಾರ್ಯಕಾರಿ ಮಂಡಲಿಯ ಮುಂದೆ ಬಂತು. ಠರಾವಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಯಂತ್ರದಲ್ಲಿ, ಈಗ ನಮ್ಮೊಡನಿಲ್ಲದ ಹಿರಿಯರೊಬ್ಬರು ಬೆರಳಚ್ಚು ಮಾಡಿಟ್ಟ 44 ಪುಟಗಳ ಬರಹವಿತ್ತು. ರೈಲ್ವೆಯಲ್ಲಿ ಗಾರ್ಡರಾಗಿದ್ದ ಅವರು, ಕಲಬುರ್ಗಿ, ವಿಜಾಪುರ ಸೀಮೆಗಳಿಂದ ನಮ್ಮವರು ಈ ಊರಿಗೆ ಹೇಗೆ ಬಂದರು, ಯಾರು ಯಾರಿಗೆ ಆಸರೆಯಾದರು ಎಂಬುದನ್ನೆಲ್ಲ ಬರೆದಿಟ್ಟಿದ್ದರು. ಆ ಕಡತವನ್ನು ಹೊಸ ಯಂತ್ರಕ್ಕೆ ಸಾಗಿಸಿದೆವು. ಕಡತವೇನೋ ತೆರೆಯಿತು, ಆದರೆ ಪುಟದ ತುಂಬ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಯಂತ್ರ ಮರೆಯಿತೋ, ನಾವು ಮರೆತೆವೋ? ಈ ಪ್ರಶ್ನೆಯ ಬೆನ್ನುಹತ್ತಿ ಹೋದಾಗ ತಿಳಿದದ್ದನ್ನು ತಮ್ಮ ಮುಂದೆ ಅರಿಕೆ ಮಾಡುತ್ತೇವೆ.

ನಮ್ಮದು ರೈಲ್ವೆಯ ಊರು. ಆದುದರಿಂದ ರೈಲಿನ ಮಾತಿನಿಂದಲೇ ತೊಡಗೋಣ. ಹಿಂದೆ ವಿಜಾಪುರ, ಬಾಗಲಕೋಟೆ, ಗದಗಿನ ಕಡೆಗೆ ಹೊರಟವರ ಪಾಡು ಹಿರಿಯರಿಗೆ ನೆನಪಿರಬಹುದು. ದೌಂಡಿನಿಂದ ಸೊಲ್ಲಾಪುರದವರೆಗೆ ಬ್ರಾಡ್‌ಗೇಜ್. ಅಲ್ಲಿಂದ ಮುಂದೆ ಮೀಟರ್‌ಗೇಜ್. ಟ್ರಂಕು, ಹಾಸಿಗೆ ಸುರುಳಿ, ರೊಟ್ಟಿಯ ಗಂಟು, ಕೂಸು, ಎಲ್ಲವನ್ನೂ ಇಳಿಸಿಕೊಂಡು ಬೇರೆ ಗಾಡಿ ಹತ್ತಬೇಕು. ಗಾಡಿ ಎಷ್ಟೇ ಚೆನ್ನಾಗಿದ್ದರೂ ಹಳಿಯ ಅಗಲ ಬೇರೆಯಾದರೆ ಅದು ಮುಂದೆ ಹೋಗದು.

ಗಣಕಯಂತ್ರದ ಮಿದುಳಾದ ಮೈಕ್ರೊಪ್ರೊಸೆಸರಿಗೂ ಇಂಥದೊಂದು ಹಳಿಯುಂಟು. ಅದು ಉಗುರಿನಗಲದ ಸಿಲಿಕಾನ್ ಬಿಲ್ಲೆ. ‘ಈ ಅಂಕೆಯನ್ನು ತೆಗೆದುಕೋ, ಅದಕ್ಕೆ ಕೂಡಿಸು, ಅಲ್ಲಿಡು, ಸೊನ್ನೆಯಾದರೆ ಆಚೆಗೆ ಹೋಗು’ ಎಂಬಂಥ ಚಿಕ್ಕ ಚಿಕ್ಕ ಅಪ್ಪಣೆಗಳು ಮಾತ್ರ ಅದಕ್ಕೆ ತಿಳಿಯುತ್ತವೆ. ಈ ಅಪ್ಪಣೆಗಳ ಪಟ್ಟಿಯೇ ಅದರ ಭಾಷೆ. ಪಟ್ಟಿ ಬದಲಾಯಿತೋ, ಹಳೆಯ ಪ್ರೋಗ್ರಾಮುಗಳೆಲ್ಲ ಸೊಲ್ಲಾಪುರದ ನಿಲ್ದಾಣದಲ್ಲೇ ಇಳಿಯಬೇಕು.

ಇಂಟೆಲ್ ಕಂಪನಿಯು 1971ರಲ್ಲಿ ಮಾರಾಟಕ್ಕೆ ತಂದ 4004 ಎಂಬುದು ಮೂಲದಲ್ಲಿ ಜಪಾನಿನ ಒಂದು ಲೆಕ್ಕದ ಯಂತ್ರಕ್ಕಾಗಿ ಮಾಡಿದ್ದು. ಅದರೊಳಗೆ ಸುಮಾರು 2,300 ಟ್ರಾನ್ಸಿಸ್ಟರುಗಳು. ಒಮ್ಮೆಗೆ 4 ಬಿಟ್ ಅಗಲದ ಅಂಕೆಯನ್ನಷ್ಟೇ ಅದು ಹಿಡಿಯಬಲ್ಲದು. 1974ರ 8080ಕ್ಕೆ ಈ ಅಗಲ 8 ಬಿಟ್ ಆಯಿತು. 1978ರ 8086ಕ್ಕೆ 16. ಈ 8086 ಸುಮಾರು ಹತ್ತು ಲಕ್ಷ ಅಕ್ಷರಗಳಷ್ಟು ನೆನಪಿನ ಕೋಶವನ್ನು ನೋಡಬಲ್ಲದಾಗಿತ್ತು. ಇದೇ ನಮ್ಮ ಕಥೆಯ ಮೂಲಪುರುಷ.

ಮರುವರ್ಷ ಅದರ ತಮ್ಮನಾದ 8088 ಹುಟ್ಟಿತು. ಇದರ ಒಳಗೆ 16 ಬಿಟ್, ಹೊರದಾರಿ ಮಾತ್ರ 8 ಬಿಟ್. ಹದಿನಾರು ಮಂದಿ ಸಾಲಾಗಿ ನಡೆಯಬಲ್ಲ ಪಡಸಾಲೆಗೆ ಎಂಟು ಮಂದಿಯ ಬಾಗಿಲಿಟ್ಟಂತೆ! ಆದರೆ ಆ ಬಾಗಿಲಿಗೆ ಹೊಂದುವ ಬಿಡಿಭಾಗಗಳು ಅಗ್ಗವಾಗಿ ದೊರೆಯುತ್ತಿದ್ದವು. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ಕಂಪನಿಯು ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಹೊರತಂದಾಗ ಅದರೊಳಗೆ ಇದ್ದದ್ದು ಈ 8088.

ಆ ಯಂತ್ರದ ಬರಹದ ಪರದೆಯಲ್ಲಿ 25 ಸಾಲು, ಸಾಲಿಗೆ 80 ಚಿಹ್ನೆ, ಒಟ್ಟು 256 ಬಗೆಯ ಚಿಹ್ನೆಗಳು. ಇಂಗ್ಲಿಷಿಗೆ ಅದು ಧಾರಾಳವಾಯಿತು. ಗುಣಿತಾಕ್ಷರ, ಒತ್ತಕ್ಷರಗಳ ನಮ್ಮ ನುಡಿಗೆ ಎಲ್ಲಿ ಸಾಕಾದೀತು? ಈ ಕೊರತೆಯನ್ನು ನೀಗಿದ್ದು ‘ಜಿಸ್ಟ್’ ಎಂಬ ಕಾರ್ಡು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತ ಈ ಕೆಲಸ ಬೆಳೆದದ್ದು ನಮ್ಮ ಪುಣೆಯಲ್ಲಿ, 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ. ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಕನ್ನಡವು ಗಣಕಯಂತ್ರದ ಮನೆಗೆ ಬರುವುದಕ್ಕೆ ಹೀಗೆ ಪುಣೆಯ ನೆರವೂ ದೊರೆಯಿತೆಂಬುದು ಇಲ್ಲಿ ನೆಲೆಸಿದ ನಮಗೆ ಸಂತೋಷದ ಸಂಗತಿ.

ಮುಂದೆ 1985ರಲ್ಲಿ 80386 ಬಂದಾಗ ಅಗಲ 32 ಬಿಟ್ ಆಯಿತು. ನೆನಪಿನ ಎಲ್ಲೆ ನಾನೂರು ಕೋಟಿ ಅಕ್ಷರಗಳನ್ನು ದಾಟಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಹೊಸ ಹಳಿ ಹಾಕಿದರೂ ಹಳೆಯದನ್ನು ಕೀಳಲಿಲ್ಲ. 8086ಕ್ಕಾಗಿ ಬರೆದ ಹಲವು ಪ್ರೋಗ್ರಾಮುಗಳನ್ನು 80386 ಏಕಕಾಲದಲ್ಲಿ ಓಡಿಸುತ್ತಿತ್ತು. ಯಂತ್ರವೆಲ್ಲ ತನ್ನದೊಬ್ಬನದೇ ಎಂದು ಪ್ರತಿಯೊಂದು ಪ್ರೋಗ್ರಾಮೂ ತಿಳಿದುಕೊಂಡಿರುತ್ತಿತ್ತು.

ಅನಂತರದ ಬೆಳವಣಿಗೆ ನಮ್ಮ ಬ್ಯಾಂಕಿನವರಿಗೆ ಬೇಗ ಅರ್ಥವಾಗುವಂಥದು. ಮೇಲಿಂದ ಮೇಲೆ ಬೇಕಾಗುವ ಲೆಜರನ್ನು ಪ್ರತಿಸಲವೂ ದಫ್ತರದ ಕೋಣೆಯಿಂದ ತರುವುದಕ್ಕಿಂತ ಮೇಜಿನ ಮೇಲೇ ಇಟ್ಟುಕೊಳ್ಳುವುದು ಲೇಸು. 1989ರ 80486 ಬಿಲ್ಲೆಯೊಳಗೇ ಇಂಥದೊಂದು ಪುಟ್ಟ ನೆನಪಿನ ಕೋಶವನ್ನು ಇಟ್ಟುಕೊಂಡಿತು. ಒಬ್ಬ ಗುಮಾಸ್ತ ಚೆಕ್ಕು ಪಡೆಯುವಾಗ ಇನ್ನೊಬ್ಬ ಹಿಂದಿನ ಚೆಕ್ಕನ್ನು ಲೆಜರಿಗೆ ಏರಿಸುತ್ತಾನೆ, ಅಧಿಕಾರಿ ಅದಕ್ಕೂ ಹಿಂದಿನದರ ಸಹಿ ನೋಡುತ್ತಾರೆ. ಅಪ್ಪಣೆಗಳೂ ಹೀಗೆಯೇ ಸಾಲಾಗಿ ಸಾಗಿದವು. 1993ರ ಪೆಂಟಿಯಂ ಇಂಥ ಎರಡು ಸಾಲುಗಳನ್ನು ತೆರೆಯಿತು. ‘ಪೆಂಟಿಯಂ ಜನಕ’ರೆಂದು ಹೆಸರಾದ ವಿನೋದ್ ಧಾಮ್ ಅವರು ಹುಟ್ಟಿದ್ದು ಪುಣೆಯಲ್ಲಿ.

ಎಲ್ಲಕ್ಕಿಂತ ಸ್ವಾರಸ್ಯವಾದುದು 1995ರ ಪೆಂಟಿಯಂ ಪ್ರೊ. ಹಳೆಯ ಭಾಷೆಯ ಅಪ್ಪಣೆಗಳು ಉದ್ದ, ಗಿಡ್ಡ, ತೊಡಕು, ವೇಗಕ್ಕೆ ಒಗ್ಗುವಂಥವಲ್ಲ. ಹಾಗೆಂದು ಬಿಟ್ಟುಬಿಡುವಂತೆಯೂ ಇಲ್ಲ. ಆದುದರಿಂದ ಹೆಬ್ಬಾಗಿಲಲ್ಲೇ ಒಬ್ಬ ದುಭಾಷಿಯನ್ನು ಕೂರಿಸಿದರು. ಹೊರಗಿನಿಂದ ಬಂದ ಹಳೆಯ ಅಪ್ಪಣೆಯನ್ನು ಆತ ಒಳಗಿನ ಸರಳ ಅಪ್ಪಣೆಗಳಾಗಿ ಒಡೆದು ಕೊಡುತ್ತಾನೆ. ಒಳಗೆ ಯಾವ ಕೆಲಸಕ್ಕೆ ಸಾಮಗ್ರಿ ಸಿದ್ಧವಿದೆಯೋ ಅದು ಮೊದಲಾಗುತ್ತದೆ. ಫಲವನ್ನು ಮಾತ್ರ ಬಂದ ಸರದಿಯಲ್ಲೇ, ಟೋಕನ್ ಕರೆದು ಹಣ ಕೊಟ್ಟಂತೆ, ಒಪ್ಪಿಸಲಾಗುತ್ತದೆ.

ಈ ದುಭಾಷಿಯ ಬೆಲೆ ಏನೆಂಬುದು ಮುಂದಿನ ದಶಕದಲ್ಲಿ ಗೊತ್ತಾಯಿತು. 64 ಬಿಟ್ಟಿನ ಕಾಲಕ್ಕೆಂದು ಇಂಟೆಲ್ ಮತ್ತು ಎಚ್.ಪಿ. ಕಂಪನಿಗಳು ಕೂಡಿ ಹೊಸ ಭಾಷೆಯೊಂದನ್ನೇ ಕಟ್ಟಿ, 2001ರಲ್ಲಿ ಇಟೇನಿಯಂ ಎಂಬ ಪ್ರೊಸೆಸರನ್ನು ತಂದವು. ಹಳೆಯ ಪ್ರೋಗ್ರಾಮುಗಳು ಅದರಲ್ಲಿ ಕುಂಟುತ್ತ ನಡೆದವು. 2003ರಲ್ಲಿ ಪ್ರತಿಸ್ಪರ್ಧಿಯಾದ ಎ.ಎಂ.ಡಿ. ಕಂಪನಿಯು ಹಳೆಯ ಹಳಿಯ ಪಕ್ಕದಲ್ಲೇ 64 ಬಿಟ್ಟಿನ ಇನ್ನೊಂದು ಹಳಿ ಹಾಕಿತು. ಜನ ಒಲಿದದ್ದು ಇದಕ್ಕೇ. ಇಂಟೆಲ್ ಕೂಡ ಇದೇ ದಾರಿ ಹಿಡಿಯಿತು. ಇಟೇನಿಯಂ 2021ರಲ್ಲಿ ನಿಂತುಹೋಯಿತು.

ಇಷ್ಟರಲ್ಲಿ ವೇಗ ಹೆಚ್ಚಿಸಿದಷ್ಟೂ ಬಿಲ್ಲೆ ಕಾಯತೊಡಗಿದ್ದರಿಂದ, 2005ರಿಂದ ಮನೆಯ ಗಣಕಗಳಲ್ಲೂ ಒಂದೇ ಬಿಲ್ಲೆಯಲ್ಲಿ ಎರಡು ಮಿದುಳುಗಳನ್ನಿಡುವ ಪದ್ಧತಿ ಬಂತು. 2008ರಲ್ಲಿ ಬಂದ ಆರು ಮಿದುಳುಗಳ ‘ಡನ್ನಿಂಗ್ಟನ್’ ಎಂಬ ಸರ್ವರ್ ಪ್ರೊಸೆಸರನ್ನು ರೂಪಿಸಿದವರು ಬೆಂಗಳೂರಿನ ಇಂಜಿನಿಯರುಗಳು. 2,300ರಿಂದ ಹೊರಟ ಟ್ರಾನ್ಸಿಸ್ಟರುಗಳ ಎಣಿಕೆ ಅದರಲ್ಲಿ 190 ಕೋಟಿಯಾಗಿತ್ತು.

ಭಾಷೆಯನ್ನು ಬದಲಾಯಿಸಿಯೇ ಗೆದ್ದವರಿಲ್ಲವೆ? ಇದ್ದಾರೆ. ಆಪಲ್ ಕಂಪನಿಯು 2020ರಲ್ಲಿ ತನ್ನ ಗಣಕಗಳನ್ನು ಎ.ಆರ್.ಎಂ. ಎಂಬ ಬೇರೆ ಭಾಷೆಗೆ ಹೊರಳಿಸಿತು. ಆದರೆ ಹೊಸ ಯಂತ್ರದ ಜೊತೆಗೇ ಹಳೆಯ ಪ್ರೋಗ್ರಾಮುಗಳನ್ನು ಅನುವಾದಿಸುವ ವ್ಯವಸ್ಥೆಯನ್ನೂ ಕೊಟ್ಟಿತು. ಸೋತವರು ಭಾಷೆ ಬದಲಿಸಿದವರೆಲ್ಲರೂ ಅಲ್ಲ. ಒಳ್ಳೆಯ ದುಭಾಷಿಯಿಲ್ಲದೆ ಬದಲಿಸಿದವರು.

ಇನ್ನು 8086ರ ವಂಶದ ಮಾತು. ಇಂದಿಗೂ ಈ ವಂಶದ ಪ್ರೊಸೆಸರು, ಗುಂಡಿ ಒತ್ತಿದ ಮೊದಲ ಕ್ಷಣದಲ್ಲಿ 1978ರ ಅಜ್ಜನಂತೆಯೇ 16 ಬಿಟ್ಟಿನಲ್ಲಿ ಕಣ್ಣು ತೆರೆಯುತ್ತದೆ. ಆಮೇಲೆ 64ಕ್ಕೆ ಏರುತ್ತದೆ. ಈ ಹಳೆಯ ರೂಢಿಯನ್ನು ತೆಗೆದುಹಾಕುವ ಯೋಜನೆಯನ್ನು ಇಂಟೆಲ್ 2023ರಲ್ಲಿ ಮುಂದಿಟ್ಟಿತ್ತು; 2024ರ ಕೊನೆಗೆ ಅದನ್ನು ಕೈಬಿಟ್ಟಿತು.

ಹಾಗಾದರೆ ನಮ್ಮ ಹಿರಿಯರ 44 ಪುಟ ಏಕೆ ಕೆಟ್ಟಿತು? ಕೆಟ್ಟಿರಲಿಲ್ಲ. ಅಂಕೆಗಳೆಲ್ಲ ಇದ್ದಂತೆಯೇ ಇದ್ದವು. ಅವರು ಬರೆದ ಕಾಲದ ಅಕ್ಷರವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. 1991ರ ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಸ್ಥಾನಗಳು ದೊರೆತಿದ್ದರೂ ಈ ಹಳೆಯ ರೂಢಿ ಬಹುಕಾಲ ಉಳಿದಿತ್ತು. ಆ ವಿನ್ಯಾಸವಿಲ್ಲದ ಯಂತ್ರಕ್ಕೆ ಕಂಡದ್ದು ಬರಿಯ ಇಂಗ್ಲಿಷ್. ಯಂತ್ರ ಮರೆತಿರಲಿಲ್ಲ, ನಡುವೆ ದುಭಾಷಿ ಇರಲಿಲ್ಲ, ಅಷ್ಟೆ.

ಹಳೆಯ ಬರಹವನ್ನು ಯುನಿಕೋಡಿಗೆ ಹೊರಳಿಸುವ ಪ್ರೋಗ್ರಾಮುಗಳಿವೆ. ಸಂಘದ ಇಬ್ಬರು ಮಕ್ಕಳು ಅದನ್ನು ನಡೆಸಿದರು. ಆದರೆ ಅರ್ಕಾವತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಹೋಗಿತ್ತು. ಕೆಲವೆಡೆ ಒತ್ತು ಬಿಟ್ಟುಹೋಗಿತ್ತು. ಮರಾಠಿ ಶಾಲೆಯಲ್ಲಿ, ಇಂಗ್ಲಿಷ್ ಶಾಲೆಯಲ್ಲಿ ಓದುವ ಆ ಮಕ್ಕಳಿಗೆ ತಪ್ಪು ಕಾಣಲಿಲ್ಲ. ತಪ್ಪನ್ನು ಕಾಣಬಲ್ಲ ಹಿರಿಯರಿಗೆ ಯಂತ್ರದ ಕೀಲಿ ತಿಳಿಯದು. ಈ ಇಬ್ಬರ ನಡುವೆ ಕುಳಿತುಕೊಳ್ಳಬೇಕಾದವರು ನಾವು, ಎರಡನ್ನೂ ಅಷ್ಟಿಷ್ಟು ಬಲ್ಲ ನಡುವಯಸ್ಸಿನವರು. ನಮ್ಮ ಮಕ್ಕಳು ಯಾವ ಭಾಷೆಯಲ್ಲಿ ಬಾಳಿದರೂ ಬಾಳಲಿ. ಈ ಒಂದು ತಲೆಮಾರು ತನ್ನ ಜಾಗ ಬಿಟ್ಟೆದ್ದರೆ ಅಜ್ಜನ ಮಾತು ಮೊಮ್ಮಗನಿಗೆ ತಲುಪದು.

ಇದುವರೆಗೆ 11 ಪುಟ ತಿದ್ದಿಯಾಗಿದೆ, 33 ಉಳಿದಿದೆ. ಕಡತದ ಪ್ರತಿ ಬೇರೆಡೆ ಸುರಕ್ಷಿತವಾಗಿದೆ. ಆದರೂ ಕೆಲಸ ಮುಗಿಯುವವರೆಗೆ ಹಳೆಯ ಯಂತ್ರವನ್ನು ಇಟ್ಟುಕೊಳ್ಳಲು ಮಂಡಲಿ ಒಪ್ಪಿದೆ. ಬರುವ ಭಾನುವಾರದಿಂದ ಸಂಜೆ ಒಂದು ಗಂಟೆ, ಒಬ್ಬ ಹಿರಿಯರು, ಒಂದು ಮಗು, ನಡುವೆ ನಮ್ಮಂಥವರೊಬ್ಬರು ಕೂಡೋಣ. ಕನ್ನಡಕ ಮರೆಯದೆ ತರಬೇಕೆಂದು ಹಿರಿಯರಲ್ಲಿ ಪ್ರಾರ್ಥನೆ.