ಬಸಿರಿಗೆ ಮೊದಲೇ ಬೇಕು ಪೌಷ್ಟಿಕ ಊಟ
(ಮಹಿಳೆಯರ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ)



ಬಸುರಿಗೆ ಬಯಕೆ ಊಟ ಬಡಿಸುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಆದರೆ ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಬಯಕೆ ಊಟಕ್ಕೆ ಬಹಳ ಮುಂಚೆ. ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳಬೇಕು. ಆಗ ಮುಟ್ಟು ತಪ್ಪಿ ಎರಡು ವಾರವಷ್ಟೇ ಆಗಿರುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಸತ್ವ ಫೋಲಿಕ್ ಆಮ್ಲ. ಅದರ ಕಥೆ ಆರಂಭವಾದದ್ದು ನಮ್ಮ ಮುಂಬಯಿಯಲ್ಲೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದು, ಬಟ್ಟೆ ಗಿರಣಿಗಳ ಬಸುರಿ ಕಾರ್ಮಿಕರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಯೀಸ್ಟ್ ಸಾರದಿಂದ ಅದು ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಅಂಶವನ್ನು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟರು. ನರನಾಳದ ದೋಷವಿದ್ದ ಮಗುವನ್ನು ಮೊದಲು ಹೆತ್ತಿದ್ದ ತಾಯಂದಿರಲ್ಲಿ, ಗರ್ಭಕ್ಕೆ ಮುಂಚೆಯೇ ಇದನ್ನು ಕೊಟ್ಟರೆ ಆ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆ ಎಂದು 1991ರ ಬ್ರಿಟಿಷ್ ಅಧ್ಯಯನ ತೋರಿಸಿತು.

ಮೆಂತ್ಯ, ಪಾಲಕ್, ಹೆಸರುಕಾಳು, ಅಲಸಂದೆ ಇವೆಲ್ಲ ಫೋಲೇಟ್ ಇರುವ ಆಹಾರ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಬಹುಪಾಲು ಹೋಗುತ್ತದೆ. ಆ ನೀರಿನಲ್ಲೇ ಸಾರು ಮಾಡುವ ನಮ್ಮ ಬಸ್ಸಾರು ಜಾಣತನದ ಅಡುಗೆ. ಆದರೂ ಊಟವೊಂದೇ ಸಾಲದು. ಮಗು ಬೇಕೆಂದು ನಿಶ್ಚಯಿಸಿದಂದಿನಿಂದ ಬಸಿರಿನ 12ನೇ ವಾರದವರೆಗೆ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಿಂದೆ ಇಂಥ ದೋಷ ಕಂಡಿದ್ದರೆ, ಮಧುಮೇಹ ಅಥವಾ ಮೂರ್ಛೆರೋಗಕ್ಕೆ ಔಷಧಿ ನಡೆಯುತ್ತಿದ್ದರೆ, ಪ್ರಮಾಣವನ್ನು ವೈದ್ಯರೇ ಹೇಳಬೇಕು. ಸಸ್ಯಾಹಾರಿಗಳು ಬಿ-12 ಜೀವಸತ್ವವನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಕಬ್ಬಿಣಾಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ನಮ್ಮ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವ, ಬೆಳಿಗ್ಗೆ ಬರೀ ಚಹಾ ಕುಡಿದು ಲೋಕಲ್ ಹಿಡಿಯುವ ಗೃಹಿಣಿಗೆ ರಕ್ತ ಎಲ್ಲಿಂದ ಬರಬೇಕು? ಕಾಳುಪಲ್ಯಕ್ಕೆ ನಿಂಬೆರಸ ಹಿಂಡಿ. ಊಟದ ಜೊತೆ ಚಹಾ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು. ಅಯೋಡಿನ್‌ಯುಕ್ತ ಉಪ್ಪನ್ನು ಮಿತವಾಗಿ ಬಳಸಿದರೆ ಸಾಕು.

ಇನ್ನು ಪಿಸಿಓಎಸ್. ಇದರಲ್ಲಿ ಎಷ್ಟೋ ಮಂದಿಗೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ರಕ್ತದಲ್ಲಿ ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಪುರುಷ ಹಾರ್ಮೋನನ್ನು ಹೆಚ್ಚಿಸಿ ಅಂಡೋತ್ಪತ್ತಿಗೆ ಅಡ್ಡಿಯಾಗುತ್ತದೆ. ತೂಕ ಹೆಚ್ಚಿದ್ದವರು ಶೇ. 5ರಿಂದ 10 ಇಳಿಸಿದರೂ ಹಲವರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ವಡಾಪಾವ್, ಬಿಸ್ಕತ್ತು, ತಂಪು ಪಾನೀಯ ಕಡಿಮೆ ಮಾಡಿ; ಜೋಳದ ರೊಟ್ಟಿ, ಕಾಳು, ತರಕಾರಿ, ಮೊಸರು ಹೆಚ್ಚಲಿ. ಆದರೆ ಉಪವಾಸ ಬಿದ್ದು ಸೊರಗಬೇಡಿ. ತೀರ ತೆಳ್ಳಗಾದರೂ ಮುಟ್ಟು ನಿಲ್ಲಬಹುದು.

ಅತ್ತೆಯಂದಿರಲ್ಲಿ ಒಂದು ಅರಿಕೆ. ಮಕ್ಕಳಾಗದಿದ್ದರೆ ಸೊಸೆಯ ತಟ್ಟೆಯನ್ನಷ್ಟೇ ನೋಡಬೇಡಿ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ತಂಬಾಕು, ಮದ್ಯ ಬಿಡುವುದು ಮಗನ ಪಾಲಿನ ಸಿದ್ಧತೆ. ಯಾವ ಆಹಾರವೂ ಗರ್ಭ ಕಟ್ಟಿಸಿಯೇ ತೀರುತ್ತದೆಂಬ ಭರವಸೆಯಿಲ್ಲ. ಒಂದು ವರ್ಷ ಕಾದರೂ ಫಲ ಕಾಣದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ವೈದ್ಯರನ್ನು ಕಾಣಲಿ.